ನೀಲಮ್ಮನ ಗಾಳಿ

ಮೊನ್ನೆ ಚನ್ನಗಿರಿಯ ನಮ್ಮ ಮನೆಯಲ್ಲಿ ಸ್ವೆಟರ್ ಹುಡುಕಲೆಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಉಳಿದವರಿಗೆ ಈ ವಾಸನೆ ಬಂದರೆ ಅಜ್ಜಿಯ ರೇಷ್ಮೆ ಸೀರೆಯೋ ತಾತನ ಕೋಟೋ ನೆನಪಾಗುತ್ತದಂತೆ. ನನಗೆ ಮಾತ್ರ ಒಂದು ಹಾರ್ಮೋನಿಯಂ, ಒಂದು ಕೀಬೋರ್ಡು, ಅವೆರಡರ ನಡುವೆ ಸಿಕ್ಕಿಕೊಂಡ ಗಂಡ ಹೆಂಡತಿ ನೆನಪಾಗುತ್ತಾರೆ. ಸ್ವೆಟರ್ ಹಿಡಿದುಕೊಂಡು ಒಬ್ಬಳೇ ನಗುತ್ತಾ ನಿಂತಿದ್ದನ್ನು ನೋಡಿ ನಮ್ಮ ಮನೆಯವರು "ಏನಾಯ್ತೇ?" ಎಂದರು. ಹೇಳಬೇಕೆಂದರೆ ಒಂದು ಶ್ರಾವಣವನ್ನು ಪೂರ್ತಿ ಹೇಳಬೇಕು.

ನನ್ನ ತವರು ಜಗಳೂರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿ ನ್ಯಾಮತಿಗೆ ಬಂದ ಮೊದಲ ವರ್ಷ ಅದು. ಆಗಿನ್ನೂ ಮದುವೆಯಾಗಿರಲಿಲ್ಲ. ಜಗಳೂರಿನಲ್ಲಿ ಮಳೆ ಬಂದರೆ ನಾವೆಲ್ಲ ಬಾಗಿಲಿಗೆ ಬಂದು ನಿಂತು ನೋಡುವವರು. ನ್ಯಾಮತಿಯಲ್ಲಿ ಮಳೆ ಬಂತೆಂದು ಯಾರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿರಲಿಲ್ಲ. ನಾನು ತಂದಿದ್ದ ಒಂದೇ ಒಂದು ಕೊಡೆ ಮೊದಲ ವಾರದಲ್ಲೇ ಗಾಳಿಗೆ ಮಗುಚಿ ಕಡ್ಡಿ ಮುರಿದುಕೊಂಡಿತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ, ಹಸಿ ಸೀರೆಯನ್ನೇ ಇಸ್ತ್ರಿ ಮಾಡಿಕೊಂಡು ಶಾಲೆಗೆ ಓಡುತ್ತಿದ್ದೆ.

ಬಾಡಿಗೆಗೆ ಸಿಕ್ಕಿದ್ದು ಕರಿಬಸಪ್ಪ ಮೇಷ್ಟ್ರ ಮನೆಯ ಮಹಡಿಯ ಕೋಣೆ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು, ರೈತರಿಗೂ ಅಂಗಡಿಯವರಿಗೂ ನಾಟಕದ ಹಾಡು ಕಲಿಸಿ, ಹಾರ್ಮೋನಿಯಂ ನುಡಿಸಿ ಬಂದವರು. ಎಪ್ಪತ್ತು ದಾಟಿದ ಮೇಲೆ ಓಡಾಟ ಬಿಟ್ಟು, ಊರಿನ ಈಶ್ವರ ದೇವಸ್ಥಾನದಲ್ಲಿ ಹೆಂಗಸರ ಭಜನಾ ಸಂಘಕ್ಕೆ ನುಡಿಸುತ್ತಿದ್ದರು. ನಾನು ಹೋಗುವುದಕ್ಕೆ ಮೂರು ವರ್ಷ ಮೊದಲು ಸೈಕಲ್ಲಿನಿಂದ ಬಿದ್ದು ಅವರ ಎಡಭುಜ ಕೆಟ್ಟಿತ್ತು. ಹಾರ್ಮೋನಿಯಂನ ಹಿಂಬದಿಯ ತಿದಿ ಒತ್ತಿ ಗಾಳಿ ತುಂಬುವಷ್ಟು ತೋಳು ಏಳುತ್ತಿರಲಿಲ್ಲ. ಅಂದಿನಿಂದ ಆ ಕೆಲಸ ಹೆಂಡತಿ ನೀಲಮ್ಮನದು. ಮೇಷ್ಟ್ರು ಈ ಕಡೆ ಕೂತು ಬಲಗೈಯಲ್ಲಿ ನುಡಿಸುವುದು, ನೀಲಮ್ಮ ಎದುರಿಗೆ ಕೂತು ತಿದಿ ಒತ್ತುವುದು.

ದಿನಾ ಬೆಳಿಗ್ಗೆ ಏಳಕ್ಕೆ ಇಬ್ಬರ ಅಭ್ಯಾಸ. ನನಗೆ ಸಂಗೀತದ ಗಂಧವಿಲ್ಲ. ನಾನು ಹಾಡಿದರೆ ಕಾಯುತ್ತಿರುವ ಹಾಲು ಒಡೆದೀತು. ಆದರೂ ಮಹಡಿಯಲ್ಲಿ ಹಲ್ಲುಜ್ಜುತ್ತಾ ಕೇಳಿ ಕೇಳಿ, ಅವರ ಸಂಸಾರದ ಸ್ಥಿತಿಗತಿ ಹಾಡಿನಿಂದಲೇ ಗೊತ್ತಾಗತೊಡಗಿತು. ಮೇಷ್ಟ್ರು ಹಿಂದಿನ ದಿನ ಸಾರಿಗೆ ಉಪ್ಪು ಕಡಿಮೆ ಎಂದಿದ್ದರೆ ಮಾರನೆಯ ಬೆಳಿಗ್ಗೆ ಹಾಡು ಚರಣದ ನಟ್ಟನಡುವೆ ಸುಸ್ತಾಗಿ ಕುಸಿಯುತ್ತಿತ್ತು.

"ಗಾಳಿ! ಏ, ಗಾಳಿ!" ಎಂದು ಮೇಷ್ಟ್ರು ಕೂಗುವರು.

"ತಿದಿ ತೂತಾಗೈತೇನೋ ನೋಡ್ರಿ" ಎಂದು ನೀಲಮ್ಮ ತಣ್ಣಗೆ ಹೇಳುವರು.

ಹೋಳಿಗೆ ಹೊಗಳಿದ ಮಾರನೆಯ ದಿನ ಅದೇ ಹಾಡು ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ತಿದಿಯಲ್ಲಿ ತೂತು ಗೀತು ಏನೂ ಇರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಕೀಬೋರ್ಡು ಬಂತು. ಕಳಿಸಿದವರು ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಶೇಖರಪ್ಪ. ಅವರ ತಾಯಿ ನ್ಯಾಮತಿಯ ಮಗಳು, ತವರಿಗೆ ಬಂದಾಗಲೆಲ್ಲ ಇದೇ ಸಂಘದಲ್ಲಿ ಹಾಡುತ್ತಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ತಾಯಿಯ ನೆನಪಿಗೆ ಈ ವಾದ್ಯ, ಶ್ರಾವಣದ ಕೊನೆಯ ಸೋಮವಾರ ಮನೆಮಂದಿಯೆಲ್ಲ ಬಂದು ತಾಯಿಗೆ ಇಷ್ಟವಾದ ವಚನವನ್ನು ಇದರಲ್ಲೇ ಕೇಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಸಂಘದ ಅಧ್ಯಕ್ಷೆ ಶಾರದಕ್ಕ ಹಿಟ್ಟಿನ ಗಿರಣಿ ನಡೆಸುವವರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು. ಬೀದಿಯಿಂದಲೇ ನನ್ನನ್ನು ಕೂಗಿದರು.

"ಟೀಚರಮ್ಮಾ, ಕೆಳಗೆ ಬರ್ರಿ! ನೀವು ಸೈನ್ಸ್ ಅಲ್ವೇನ್ರಿ? ಕರೆಂಟಿನ ಸಾಮಾನು ಬಂದೈತೆ, ಜೋಡಿಸಾಕೆ ನಿಮ್ಗೇ ಗೊತ್ತಿರ್ತೈತೆ!"

ನಾನು ಓಮನ ನಿಯಮ ಕಲಿಸಿದ್ದೆನೇ ಹೊರತು ಕೀಬೋರ್ಡನ್ನು ಮುಟ್ಟಿದವಳಲ್ಲ. ಆದರೆ ಹೊಸ ಊರಿನಲ್ಲಿ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಸಂಜೆ ದೇವಸ್ಥಾನದ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಬೆರಳಿನಿಂದ ಒತ್ತುವ ಬಿಳಿ, ಕರಿ ಮನೆಗಳು ಒಟ್ಟು ಅರವತ್ತೊಂದಿದ್ದ ಕೀಬೋರ್ಡು, ಒಂದು ಅಡಾಪ್ಟರು, ಕತ್ತರಿಯ ಹಾಗೆ ತೆರೆದುಕೊಳ್ಳುವ ಸ್ಟ್ಯಾಂಡು, ಹತ್ತಾರು ಭಾಷೆಗಳಿದ್ದೂ ಕನ್ನಡವಿಲ್ಲದ ಒಂದು ದಪ್ಪ ಪುಸ್ತಕ. ಹುಮ್ಮಸ್ಸಿನಿಂದ ಸ್ಟ್ಯಾಂಡು ನಿಲ್ಲಿಸಿ ಅದರ ಮೇಲೆ ಕೀಬೋರ್ಡು ಇಟ್ಟೆ. ಮೇಷ್ಟ್ರು ದೂರದಿಂದಲೇ ನೋಡಿದರು.

"ದೇವ್ರ ಮುಂದೆ ಕುರ್ಚಿ ಹಾಕ್ಕೊಂಡು ಕೂರಾಕೆ ನಾನೇನು ತಹಶೀಲ್ದಾರನೇನ್ರಿ?"

ಸ್ಟ್ಯಾಂಡು ಮಡಿಚಿಟ್ಟೆವು. ಅದು ಆಮೇಲೆ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಒದ್ದೆ ಟವೆಲು ಒಣಗಿಸುವ ಕೆಲಸಕ್ಕೆ ಸೇರಿಕೊಂಡಿತು. ಜಮಖಾನದ ಮೇಲೆ ಎರಡು ಊಟದ ಮಣೆ ಜೋಡಿಸಿ ಕೀಬೋರ್ಡನ್ನು ಅವುಗಳ ಮೇಲೆ ಕೂರಿಸಿದೆವು. ಅಡಾಪ್ಟರಿನ ವೈರು ಅರ್ಧ ದಾರಿಗೆ ಬಂದು ನಿಂತಿತು. ಗಿರಣಿಯಿಂದ ಉದ್ದದ ವೈರಿನ ಬೋರ್ಡು ತರಿಸಿದರು. ಕೆಂಪು ದೀಪ ಹತ್ತಿದಾಗ ಹೆಂಗಸರೆಲ್ಲ ಕೈ ಮುಗಿದರು.

ಹಾರ್ಮೋನಿಯಂನ ದನಿ ಯಾವ ನಂಬರಿನಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಒಂದು ನಂಬರಿನಲ್ಲಿ ಪಿಟೀಲು, ಒಂದರಲ್ಲಿ ತುತ್ತೂರಿ. ಇನ್ನೊಂದು ಒತ್ತಿದರೆ ನಾಯಿ ಬೊಗಳಿತು. ಹೊರಗೆ ಮಳೆಗೆ ಮುದುರಿ ಮಲಗಿದ್ದ ನಿಜವಾದ ನಾಯಿ ಎದ್ದು ಉತ್ತರ ಕೊಟ್ಟಿತು. ಕೊನೆಗೆ ಎಪ್ಪತ್ತೊಂಬತ್ತರಲ್ಲಿ ಹಾರ್ಮೋನಿಯಂ ಸಿಕ್ಕಿತು. ಎಡಗಡೆಯ ತುದಿಯಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ. ನುಡಿಸುವವರು ಅದನ್ನು ತಮ್ಮಿಂದ ಆಚೆಗೆ ತಳ್ಳಿದರೆ ಸದ್ದು ಏರುತ್ತಿತ್ತು, ತಮ್ಮ ಕಡೆಗೆ ಎಳೆದರೆ ಇಳಿಯುತ್ತಿತ್ತು. ಮೇಷ್ಟ್ರ ಎಡಗೈ ಅಷ್ಟು ದೂರ ಚಾಚುತ್ತಿರಲಿಲ್ಲವಾದ್ದರಿಂದ ನಾನೇ ಅದನ್ನು ನಡುಮಧ್ಯೆ ನಿಲ್ಲಿಸಿದೆ.

ಸಂಘದವರು ಹಾಡುತ್ತಿದ್ದುದು ಐದನೆಯ ಬಿಳಿ ಮನೆಯ ಶ್ರುತಿಗೆ. "ಇಷ್ಟುದ್ದದ ಪೆಟ್ಗ್ಯಾಗೆ ಇವ್ರು ಐದನೇ ಮನೆ ಎಲ್ಲಿ ಹುಡುಕ್ತಾರೆ? ಕನ್ನಡಕ ಹಾಕ್ಕೊಂಡ್ರೂ ಅಷ್ಟೇ" ಎಂದು ನೀಲಮ್ಮ ತಮ್ಮ ಪರ್ಸಿನಿಂದ ಹಣೆಗಿಡುವ ಟಿಕ್ಲಿಯ ಚೀಟಿ ತೆಗೆದು, ಆ ಮನೆಗೊಂದು ಕೆಂಪು ಟಿಕ್ಲಿ ಅಂಟಿಸಿದರು. ಆಮೇಲೆ ಅಭ್ಯಾಸದಂತೆ ಹೋಗಿ ಮೇಷ್ಟ್ರ ಎದುರಿಗೆ ಕೂತರು.

ಪೂಜೆ ಮಾಡದೆ ಹೊಸ ವಾದ್ಯ ನುಡಿಸುವಂತಿಲ್ಲ. ಶಾರದಕ್ಕ ಮೂರು ಬೆರಳಿಗೆ ವಿಭೂತಿ ಮೆತ್ತಿಕೊಂಡು ಕೀಬೋರ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಭಕ್ತಿಯಿಂದ ಎಳೆದರು. ಪೆಟ್ಟಿಗೆಯ ದೀಪ ಉರಿಯುತ್ತಲೇ ಇತ್ತು, ಆ ಮೂರು ಬೆರಳಿನ ದಾರಿಯಲ್ಲಿ ಅಷ್ಟೂ ಗುಂಡಿಗಳಿದ್ದವು. ಇದು ನನ್ನ ತಲೆಗೆ ಹೊಳೆಯಲಿಲ್ಲ.

ಮೇಷ್ಟ್ರು ಟಿಕ್ಲಿಯ ಮನೆ ಒತ್ತಿ ಹಾಡು ಎತ್ತಿದರು. ಹೆಂಗಸರು ದನಿ ಸೇರಿಸಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲರ ಕತ್ತಿನ ನರ ಉಬ್ಬಿದವು. ಶಾರದಕ್ಕನ ಗಿರಣಿ ಗಂಟಲೇ ಕೀರಲಾಯಿತು.

"ಏನ್ರವ್ವಾ, ಹೋದ ವಾರ ಚೆಂದಾಗಿ ಹಾಡಿದ್ರಿ. ಈ ವಾರ ಗಂಟ್ಲು ಎಲ್ಲಿ ಮರೆತು ಬಂದ್ರಿ?" ಎಂದು ಮೇಷ್ಟ್ರು ರೇಗಿ ಮತ್ತೆ ಶುರು ಮಾಡಿದರು. ಇನ್ನೂ ಕೆಟ್ಟಿತು.

ಆಗ ಎದುರಿಗೆ ಕೂತಿದ್ದ ನೀಲಮ್ಮ ಹೇಳಿದರು: "ರೀ, ಅವ್ರು ಸರಿಯಾಗೇ ಹಾಡ್ತಾ ಅವ್ರೆ. ಪೆಟ್ಗೇನೇ ಮೇಲೇರೈತೆ. ಐದನೇ ಮನೆ ಒತ್ತಿದ್ರೆ ಎಂಟನೇ ಮನೆ ಸದ್ದು ಬರ್ತೈತೆ."

ಐವತ್ತು ವರ್ಷ ಶ್ರುತಿ ಹಿಡಿದ ಮನುಷ್ಯನಿಗೆ ಎಲ್ಲರೆದುರು ಹೆಂಡತಿ ಶ್ರುತಿ ಹೇಳಿಕೊಟ್ಟಂತಾಯಿತು. ಮೇಷ್ಟ್ರ ಮುಖ ಕೆಂಪಗಾಯಿತು. "ಇದು ಎಲೆಕ್ಟ್ರಿಕ್ ಸಾಮಾನು, ನಿಂಗೇನು ತಿಳೀತೈತೆ? ಇದಕ್ಕೆ ನಿನ್ನ ಗಾಳಿ ಬೇಕಾಗಿಲ್ಲ. ಇನ್ಮೇಲೆ ನೀನು ಆರಾಮಾಗಿ ಮನೆಯಾಗಿರು" ಎಂದುಬಿಟ್ಟರು.

ನಾನು ಬಗ್ಗಿ ನೋಡಿದೆ. ವಿಭೂತಿಯ ಬೆರಳು ಶ್ರುತಿ ಏರಿಸುವ ಗುಂಡಿಯ ಮೇಲೆ ಹಾದುಹೋಗಿ ಶ್ರುತಿ ಕರಿ ಮನೆಗಳೂ ಸೇರಿ ಐದು ಮೆಟ್ಟಿಲು ಮೇಲೇರಿ ಕೂತಿತ್ತು. ನೀಲಮ್ಮ ಹೇಳಿದ್ದು ಅಕ್ಷರಶಃ ನಿಜ. ಸರಿಪಡಿಸಿ ತಲೆಯೆತ್ತುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ಮರುದಿನ ಅವರು ಹಾರ್ಮೋನಿಯಂ ಒರೆಸಿ, ಒಳಗೆ ನಾಲ್ಕು ನುಸಿಗುಳಿಗೆ ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿದರು. ಅಟ್ಟಕ್ಕೇರಿಸಲು ನನ್ನನ್ನು ಕರೆದರು. ಏಣಿಯ ಮೇಲೆ ನಿಂತಿದ್ದ ನನಗೆ ಕೆಳಗಿನಿಂದ ಅವರ ಮಾತು ಕೇಳಿಸಿತು.

"ಮೂರು ವರ್ಷದಿಂದ ಊರೋರೆಲ್ಲ ಮೇಷ್ಟ್ರು ನುಡಿಸ್ತಾರೆ ಅಂತಿದ್ರು, ಟೀಚರಮ್ಮ. ಅರ್ಧ ನಾನು ನುಡಿಸ್ತೀನಿ ಅಂತ ನಂಗೆ ಗೊತ್ತಿತ್ತು. ಅವ್ರಿಗೂ ಗೊತ್ತೈತೆ ಅಂದ್ಕೊಂಡಿದ್ದೆ."

ನಾನು ನುಸಿಗುಳಿಗೆಯ ವಾಸನೆಗೆ ಸೀನಿದ ಹಾಗೆ ಮಾಡಿದೆ.

ಎರಡನೆಯ ಸೋಮವಾರ ನೀಲಮ್ಮ ಬರಲಿಲ್ಲ, ಮೂರನೆಯ ಸೋಮವಾರವೂ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದರು. ಮೊಣಕಾಲು ನೋವಿನವರು ಅದೇ ವಾರ ಸಾಸ್ವೆಹಳ್ಳಿಯ ತಂಗಿಯ ಮನೆಗೆ ಹೋಗಿ ಬಂದಿದ್ದರು. ಮೊದಲು ಸ್ವಿಚ್ಚು ಆರಿಸಿ ಆಮೇಲೆ ವಿಭೂತಿ ಎಂದು ನಾನು ಕಟ್ಟಪ್ಪಣೆ ಮಾಡಿದ್ದರಿಂದ ಶ್ರುತಿಯೇನೋ ಸರಿಯಿತ್ತು. ಹಾಡಿಗೆ ಮಾತ್ರ ಜೀವವಿರಲಿಲ್ಲ. ಮೇಷ್ಟ್ರು ಎಷ್ಟೇ ಚೆನ್ನಾಗಿ ಬೆರಳಾಡಿಸಿದರೂ ಮೊದಲಿಂದ ಕೊನೆಯವರೆಗೆ ಒಂದೇ ಸದ್ದು. ಚರಣ ಏರುವ ಜಾಗಕ್ಕೆ ಬಂದಾಗ ಅವರು ಅಭ್ಯಾಸಬಲದಿಂದ "ಗಾಳಿ!" ಎಂದು ಕೂಗುತ್ತಿದ್ದರು. ಎದುರಿಗೆ ಯಾರೂ ಇರುತ್ತಿರಲಿಲ್ಲ. ಹೆಂಗಸರು ಕಿಸಕ್ಕೆಂದು ನಕ್ಕರೆ ಮೇಷ್ಟ್ರು ತಲೆ ತಗ್ಗಿಸುತ್ತಿದ್ದರು.

ಮೂರನೆಯ ಸೋಮವಾರ ಭಜನೆ ಮುಗಿದ ಮೇಲೆ ಶಾರದಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಟ್ಟಿಗೆ ಅದು ಪಿಸುಮಾತು.

"ಹಾಡು ಡಾಂಬರು ರಸ್ತೆ ಮ್ಯಾಲೆ ರೋಲರ್ ಹೋದಂಗೆ ಹೋಗ್ತೈತೆ, ಟೀಚರಮ್ಮ. ಏರಿಲ್ಲ, ಇಳಿವಿಲ್ಲ. ಶೇಖರಪ್ಪಾರು ಅವ್ರಮ್ಮನ ಹಾಡು ಕೇಳಾಕೆ ಅಷ್ಟು ದೂರದಿಂದ ಬರ್ತಾರೆ. ಹೊನ್ನಾಳಿಯಾಗೆ ಆರ್ಕೆಸ್ಟ್ರಾದೋನೊಬ್ಬ ಅವ್ನೆ. ಅವ್ನನ್ನ ಕರೆಸ್ತೀನಿ."

"ಹಾರ್ಮೋನಿಯಂನೇ ಇಳಿಸಿದರೆ?" ಎಂದೆ.

"ಕೊಟ್ಟೋರ ಮುಂದೇನೇ ಅವ್ರು ಕೊಟ್ಟಿದ್ದನ್ನ ಮೂಲೆಗಿಡಾಕೆ ಆಗ್ತೈತೇನ್ರಿ?"

ಮೊದಲ ಹಾಡಿಗಾದರೂ ಮೇಷ್ಟ್ರನ್ನೇ ಕೂರಿಸಿ ಎಂದು ಬೇಡಿಕೊಂಡೆ. ಒಪ್ಪಿದರು. ದೂರದಲ್ಲಿ ಚಪ್ಪಲಿ ಹುಡುಕುತ್ತಿದ್ದ ಮೇಷ್ಟ್ರಿಗೆ ಎಲ್ಲವೂ ಕೇಳಿಸಿತ್ತು. ಮನೆಯ ದಾರಿಯಲ್ಲಿ ಅವರು ಅಷ್ಟು ಸಣ್ಣಗಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಅಭ್ಯಾಸಕ್ಕೆಂದು ಕೀಬೋರ್ಡನ್ನು ಮೇಷ್ಟ್ರ ಮನೆಗೇ ತರಿಸಿಕೊಂಡು ಆ ವಾರವೆಲ್ಲ ಪುಸ್ತಕ ತಿರುವಿ ಹಾಕಿದೆ. ಗಟ್ಟಿಯಾಗಿ ಒತ್ತಿದರೆ ಸದ್ದು ಹೆಚ್ಚಾಗುವ ಅನುಕೂಲವೊಂದು ಇದೆ ಎಂದು ಓದಿ ಕುಣಿದಾಡಿದೆ. ಪಿಯಾನೊ ದನಿಗೆ ಅದು ಕೆಲಸ ಮಾಡಿತು. ಎಪ್ಪತ್ತೊಂಬತ್ತಕ್ಕೆ ಬಂದರೆ ಮೇಷ್ಟ್ರು ಗುದ್ದಿದರೂ ಅದೇ ಸದ್ದು, ಸವರಿದರೂ ಅದೇ ಸದ್ದು. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಭಾನುವಾರ ಮಧ್ಯಾಹ್ನ. ಹೊರಗೆ ಮಳೆ ಹಿಡಿದಿತ್ತು. ಮೇಷ್ಟ್ರು ಮನೆಯ ಪಡಸಾಲೆಯಲ್ಲಿ ಕೀಬೋರ್ಡಿನ ಮುಂದೆ ಕೂತು ಮರುದಿನದ ವಚನ ನುಡಿಸುತ್ತಿದ್ದರು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿದ್ದೆ. ನೀಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು, ಭುಜಕ್ಕೂ ಕಿವಿಗೂ ಮಧ್ಯೆ ಫೋನು ಸಿಕ್ಕಿಸಿಕೊಂಡು ಅಡುಗೆಮನೆಯಿಂದ ಬಂದರು. ತಂಗಿಯ ಮಾತು ಕೇಳಿಸುತ್ತಿರಲಿಲ್ಲವೆಂದು ಕಾಣುತ್ತದೆ, ಮೇಷ್ಟ್ರ ಎಡಗಡೆ ನಿಂತು ಬಗ್ಗಿ, ಹಿಟ್ಟಿನ ಕೈಯಲ್ಲೇ ಗುಂಡಿ ಎಳೆದು ಸದ್ದು ಇಳಿಸಿದರು. ಫೋನಿನಲ್ಲಿ "ಹೂಂ, ಹೂಂ" ಎನ್ನುತ್ತಲೇ ಇದ್ದರು. ಹಾಡು ಚರಣಕ್ಕೆ ಬಂತು, ಏರುವ ಜಾಗಕ್ಕೆ ಬಂತು. ಅವರ ಕೈ ತನ್ನಷ್ಟಕ್ಕೆ ಗುಂಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು. ಸಾಲು ಉಬ್ಬಿ ಮೇಲೆದ್ದಿತು. ಸಾಲು ಮುಗಿಯುವಲ್ಲಿ ಕೈ ಹಿಂದಕ್ಕೆ ಬಂತು, ದನಿ ಉಸಿರು ಬಿಟ್ಟ ಹಾಗೆ ಇಳಿಯಿತು. ನನ್ನ ಮೈ ಜುಮ್ಮೆಂದಿತು. ಸಂಗೀತ ಬಾರದ ನನಗೇ ಹಾಗಾದರೆ ಮೇಷ್ಟ್ರಿಗೆ ಏನಾಗಿರಬೇಡ!

ಮೇಷ್ಟ್ರ ಬೆರಳು ನಿಂತವು. "ಇನ್ನೊಂದ್ಸಲ ಮಾಡು."

"ಏನ್ ಮಾಡಿದೆ ನಾನು?"

"ಈಗ ಮಾಡಿದ್ಯಲ್ಲ, ಗಾಳಿ. ಅದೇ." ಮೇಷ್ಟ್ರ ಮುಖ ಅರಳಿತ್ತು. "ನಾಳೆ ಬಂದು ಇಲ್ಲಿ ಕೂತ್ಕಂಡು ಹಿಂಗೇ ಏರ್ಸು, ಇಳ್ಸು. ತಿಳೀತೇನು?"

ನೀಲಮ್ಮ ಫೋನು ಕೆಳಗಿಟ್ಟರು. ಗುಂಡಿಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. "ಆರಾಮಾಗಿ ಮನೆಯಾಗಿರು ಅಂದೋರು ಯಾರು? ಎಲ್ಲರ ಎದುರಿಗೆ ಅಂದ್ರಿ. ಕರೆಯೋದೂ ಎಲ್ಲರ ಎದುರಿಗೇ ಆಗ್ಲಿ" ಎಂದು ರೊಟ್ಟಿ ಬಡಿಯಲು ಹೋದರು. ಆ ಮಧ್ಯಾಹ್ನದ ರೊಟ್ಟಿಯ ಸದ್ದು ಬೀದಿಗೆಲ್ಲ ಕೇಳಿರಬೇಕು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಅದರಲ್ಲಿ ಇದಕ್ಕೆ ಯಾವ ಗುಂಡಿಯೂ ಇರಲಿಲ್ಲ.

ಕೊನೆಯ ಸೋಮವಾರ ಸಂಜೆ ಮಳೆ ಬಿಡುವು ಕೊಟ್ಟಿತು. ಶೇಖರಪ್ಪ ಹೆಂಡತಿ ಮಕ್ಕಳೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಮೂಲೆಯಲ್ಲಿ ಮಿರಿಮಿರಿ ಅಂಗಿ ತೊಟ್ಟು ಹೊನ್ನಾಳಿಯ ಆರ್ಕೆಸ್ಟ್ರಾದವನು ಬೆರಳು ನೆಟಿಕೆ ಮುರಿಯುತ್ತಿದ್ದ. ನೀಲಮ್ಮ ಬಂದಿದ್ದರು, ಹಸಿರು ಇಳಕಲ್ಲು ಸೀರೆ ಉಟ್ಟು ಬಂದಿದ್ದರು. ಆದರೆ ಕೂತದ್ದು ಹಿಂದೆ, ಕಂಬದ ಹತ್ತಿರ, ನನ್ನ ಪಕ್ಕದಲ್ಲಿ. ನನಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಸ್ವಿಚ್ಚು ಆರಿಸಿ ವಿಭೂತಿ ಬಳಿದದ್ದಾಯಿತು. ಮತ್ತೆ ಹಾಕಿ, ಎಪ್ಪತ್ತೊಂಬತ್ತು ಒತ್ತಿ, ನಾನು ಹಿಂದೆ ಬಂದು ಕೂತೆ. ಮೇಷ್ಟ್ರು ಶೇಖರಪ್ಪನ ತಾಯಿಯ ವಚನ ಎತ್ತಿಕೊಂಡರು. ಪಲ್ಲವಿ ಒಂದೇ ಸದ್ದಿನಲ್ಲಿ ಹೋಯಿತು. ಮೊದಲ ಚರಣವೂ ಹಾಗೇ. ಶೇಖರಪ್ಪ ಮರ್ಯಾದೆಗೆ ತಲೆಯಾಡಿಸುತ್ತಿದ್ದರು, ಅವರ ಮಗಳು ಆಕಳಿಸಿದಳು. ಶಾರದಕ್ಕ ಹಾಡುತ್ತಲೇ ಮೂಲೆಯ ಕಡೆ ಕಣ್ಣು ಮಾಡಿದರು. ಮಿರಿಮಿರಿ ಅಂಗಿಯವನು ಪಂಚೆ ಸರಿಮಾಡಿಕೊಂಡು ಏಳತೊಡಗಿದ.

ಮೇಷ್ಟ್ರು ಕೈ ತೆಗೆದರು. ಹಾಡು ನಿಂತಿತು.

"ಶೇಖರಪ್ಪಾರೆ, ತಪ್ಪು ತಿಳೀಬ್ಯಾಡ್ರಿ. ಈ ಪೆಟ್ಗೆ ಬಂದ ದಿನ ಇಲ್ಲೇ ಕೂತು ನಾನೊಂದು ಆಡಬಾರದ ಮಾತು ಆಡಿದೆ." ಅವರು ಜನರ ತಲೆಗಳ ಮೇಲೆ ಕಂಬದ ಕಡೆ ನೋಡಿದರು. "ನೀಲಾ, ಇದಕ್ಕೂ ಗಾಳಿ ಬೇಕು. ನೀನಿಲ್ದೆ ಇದ್ರೆ ನಂಗೆ ಅರ್ಧ ಹಾಡೇ ಬರೋದು. ಬಾ."

"ಏ", "ಲೇ", "ಗಾಳಿ" ಬಿಟ್ಟು ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೀಲಮ್ಮನ ಕಣ್ಣು ತುಂಬಿತು. ಆದರೆ ಗತ್ತು ಬಿಡಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು, ಹತ್ತು ಹೆಜ್ಜೆಯ ದಾರಿಯನ್ನು ಇಪ್ಪತ್ತು ಹೆಜ್ಜೆಯಲ್ಲಿ ನಡೆದು, ಮೂರು ವರ್ಷದ ಅಭ್ಯಾಸದಂತೆ ನೇರವಾಗಿ ಹೋಗಿ ಮೇಷ್ಟ್ರ ಎದುರಿಗೆ ಕೂತು ಗುಂಡಿಯ ಮೇಲೆ ಕೈಯಿಟ್ಟರು.

ಹಾಡು ಮತ್ತೆ ಎದ್ದಿತು. ಏರುವ ಸಾಲು ಬಂತು. ನೀಲಮ್ಮ ಗುಂಡಿಯನ್ನು ಮುಂದಕ್ಕೆ ತಳ್ಳಿದರು. ಆ ಕಡೆಯಿಂದ ಮುಂದಕ್ಕೆ ಎಂದರೆ ಮೇಷ್ಟ್ರ ಕಡೆಗೆ. ದನಿ ಏರಬೇಕಾದ ಜಾಗದಲ್ಲಿ ಪೂರ್ತಿ ಅಡಗಿಹೋಗಿ, ಮೇಷ್ಟ್ರ ಬೆರಳುಗಳು ಮಾತ್ರ ಟಕಟಕ ಎಂದವು.

ನಾನು ಕಂಬ ಹಿಡಿದುಕೊಂಡೆ. ನೀಲಮ್ಮ ಒಂದು ಕ್ಷಣ ಗುಂಡಿಯನ್ನು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಎದ್ದು, ಮಣೆಗಳ ಸುತ್ತು ಹಾಕಿಕೊಂಡು ಈ ಕಡೆಗೆ ಬಂದು ನಿಂತರು. ಜನರ ಮುಂದೆ ಗಂಡನ ಪಕ್ಕದಲ್ಲಿ ಕೂತು ಅವರಿಗೆ ಗೊತ್ತಿರಲಿಲ್ಲ.

"ಸರೀರಿ ಆ ಕಡೆಗೆ" ಎಂದರು.

ಮೇಷ್ಟ್ರು ಸರಿದರು. ಗುಡಿಯಲ್ಲಿ ನಗೆ ಎದ್ದಿತು. ಆ ನಗೆ ಮುಗಿಯುವ ಮೊದಲೇ ಹಾಡು ಎದ್ದಿತು. ಈ ಸಲ ಏರುವ ಸಾಲು ಏರಿತು, ಎಷ್ಟೆಂದರೆ ಶಾರದಕ್ಕನ ದನಿಯನ್ನೂ ಮೀರಿ ಏರಿತು. ಆಮೇಲೆ ಮೆಲ್ಲಗೆ, ಒಬ್ಬರೇ ಕೂತು ಹಾಡಿಕೊಳ್ಳುವಷ್ಟು ಮೆಲ್ಲಗೆ ಇಳಿಯಿತು. ಶೇಖರಪ್ಪ ಕರ್ಚೀಫು ಹುಡುಕಿದರು. "ಅವ್ವ ಕೊನೇ ಸಾಲು ಹಿಂಗೇ ಸಣ್ಣಗೆ ಹಾಡ್ತಿದ್ಲು" ಎಂದು ಹೆಂಡತಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹೊನ್ನಾಳಿಯವನು ಪ್ರಸಾದ ತಿಂದವನು ಸುಮ್ಮನೆ ಹೋಗಲಿಲ್ಲ. ನೀಲಮ್ಮನ ಹತ್ತಿರ ಬಂದು "ಯಾವ ಸೆಟಿಂಗ್ ಇಟ್ಟೀರಿ ಅಮ್ಮಾ?" ಎಂದು ಕೇಳಿದ.

"ಸೆಟಿಂಗ್ ಏನಿಲ್ಲಪ್ಪ. ಇವ್ರು ಎಲ್ಲಿ ಉಸ್ರು ತಗಂತಾರೆ ಅಂತ ನಂಗೆ ಗೊತ್ತೈತೆ, ಅಷ್ಟೇ."

ಎರಡು ವರ್ಷದ ಮೇಲೆ ಮದುವೆಯಾಗಿ ಚನ್ನಗಿರಿಗೆ ವರ್ಗ ಮಾಡಿಸಿಕೊಂಡು ಬಂದೆ. ಹೋದ ಮಳೆಗಾಲದಲ್ಲಿ ಶಿವಮೊಗ್ಗೆಗೆ ಹೋದವಳು ಹಿಂದಿರುಗುವಾಗ ಬಳಸುದಾರಿ ಹಿಡಿದು ನ್ಯಾಮತಿಯಲ್ಲಿ ಇಳಿದೆ. ಬೀದಿಯ ತಿರುವಿನಲ್ಲೇ ಎಪ್ಪತ್ತೊಂಬತ್ತರ ದನಿ ಕೇಳಿಸಿತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಹಾಡು ಚರಣದ ನಟ್ಟನಡುವೆ ಮೆಲ್ಲಗೆ ಇಳಿದು ಇಳಿದು ಇಲ್ಲವಾಯಿತು.

"ಏನಾತು?" ಒಳಗಿನಿಂದ ಮೇಷ್ಟ್ರ ಕೂಗು.

"ಕರೆಂಟು ಹೋತೇನೋ ನೋಡ್ರಿ" ನೀಲಮ್ಮನ ತಣ್ಣನೆಯ ಉತ್ತರ.

ಪಡಸಾಲೆಯ ಬಲ್ಬು ಚೆನ್ನಾಗಿ ಉರಿಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದುಕೊಂಡು ನಾನು ಬಾಗಿಲು ತಟ್ಟಿದೆ.